ಜಾಕಿಗೆ ಸಂಬಳ ಯಾರು ಕೊಡ್ತಾರೆ? ದಾವಣಗೆರೆಲಿ ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆಗಳು

ಬೆಂಗಳೂರಲ್ಲಿ ರೇಸ್ ಕುದುರೆ ಟ್ರೇನರ್ ಒಬ್ರ ಹತ್ರ ಒಂಬತ್ತು ವರ್ಷ ಲೆಕ್ಕ ಬರೀತಿದ್ದೆ. ಹುಲ್ಲೆಷ್ಟು ಬಂತು, ಲಾಳ ಹೊಡೆಯೋನಿಗೆ ಎಷ್ಟು ಕೊಟ್ವಿ, ಯಾವ ಓನರ್ ಎಷ್ಟು ತಿಂಗಳು ಬಾಕಿ ಇಟ್ಕೊಂಡಿದ್ದಾನೆ, ಇಷ್ಟೇ ನನ್ನ ಕೆಲಸ. ಕುದುರೆ ಮೇಲೆ ಕೂತಿದ್ದು ಒಂದೇ ಸಲ, ಅದೂ ನಿಂತಿದ್ದ ಕುದುರೆ. ಊರಿಗೆ ವಾಪಸ್ ಬಂದ್ಮೇಲೆ ದೋಸೆ ಹೋಟ್ಲಲ್ಲಿ, ಮದುವೆ ಊಟದ ಪಂಕ್ತೀಲಿ, ಚಿತ್ರದುರ್ಗದ ಬಸ್ಸಲ್ಲಿ ಜನ ಕೇಳೋದು ಅದೇ ಹತ್ತಿಪ್ಪತ್ತು ಪ್ರಶ್ನೆ. ಕೆಲವ್ರು ಕಾಗದ ಬರೆದೂ ಕೇಳಿದ್ದಾರೆ. ಎಲ್ಲಾ ಒಂದು ಕಡೆ ಬರೆದಿಟ್ರೆ ನಂಗೂ ಗಂಟ್ಲು ಉಳಿಯುತ್ತೆ ಅಂತ ಕೂತೆ.

## ಮೊದ್ಲು ಕೇಳೋವು

ಜಾಕಿ ಅಂದ್ರೆ ಕಾರ್ ಎತ್ತೋದಲ್ವಾ?

ಅದೂ ಜಾಕಿನೇ, ಬನಿಯನ್ನೂ ಜಾಕಿನೇ. ಇಲ್ಲಿ ಹೇಳ್ತಿರೋದು ರೇಸಲ್ಲಿ ಕುದುರೆ ಓಡಿಸೋನ ಬಗ್ಗೆ. ಸುಮಾರು 450–500 ಕೆಜಿ ಪ್ರಾಣಿ, ಗಂಟೆಗೆ 60 ಕಿಲೋಮೀಟರ್ ಸ್ಪೀಡು, ಮೇಲೆ 50 ಚಿಲ್ಲರೆ ಕೆಜಿ ಮನುಷ್ಯ. ಅವನು ಕೂತಿರಲ್ಲ, ಎರಡು ರಿಕಾಪಿನ (ಕಾಲಿಡೋ ಬಳೆ) ಮೇಲೆ ತುದಿಗಾಲಲ್ಲಿ ಬಗ್ಗಿ ನಿಂತಿರ್ತಾನೆ.

ಜಾಕಿಗೆ ತಿಂಗಳಿಗೆ ಸಂಬಳ ಎಷ್ಟು ರೀ?

ಸಂಬಳ ಅನ್ನೋದೇ ಇಲ್ಲ, ಈ ಒಂದು ಮಾತು ತಲೆಗೆ ಹೋದ್ರೆ ಉಳಿದಿದ್ದೆಲ್ಲಾ ಸಲೀಸು. ನಮ್ಮ ಎಪಿಎಂಸಿಲಿ ಹಮಾಲ್ರು ಹೆಂಗೆ ಚೀಲಕ್ಕಿಷ್ಟು ಅಂತ ದುಡೀತಾರೋ ಹಂಗೇನೇ, ಚೀಲ ಹೊತ್ರೆ ಕಾಸು, ಲಾರಿ ಬರ್ಲಿಲ್ಲ ಅಂದ್ರೆ ಬೀಡಿ ಸೇದ್ಕೊಂಡು ಕೂರೋದು. ಜಾಕಿಗೆ ಚೀಲದ ಬದ್ಲು ಮೌಂಟು, ಅಂದ್ರೆ ಒಂದು ಓಟಕ್ಕೆ ಹತ್ತೋಕೆ ಸಿಕ್ಕ ಒಂದು ಕುದುರೆ. ಹತ್ತಿದ್ದಕ್ಕೆ ರೈಡಿಂಗ್ ಫೀ ಅಂತ ಗೆದ್ರೂ ಸೋತ್ರೂ ಸಿಗುತ್ತೆ, ಕುದುರೆ ಬಹುಮಾನ ತಂದ್ರೆ ಅದ್ರಲ್ಲಿ ಪರ್ಸೆಂಟೇಜು, ಇನ್ನು ಬೆರಳೆಣಿಕೆ ಜನಕ್ಕೆ ರಿಟೇನರ್ ಅಂತ ವರ್ಷದ ಒಪ್ಪಂದ. ಯಾವುದೂ ಇಲ್ದಿದ್ರೆ ಸೊನ್ನೆ. ಬೆಳಿಗ್ಗೆ ಐದೂವರೆಗೆ ಬಂದು ಟ್ರ್ಯಾಕಲ್ಲಿ ನಾಲ್ಕು ಕುದುರೆ ಓಡಾಡ್ಸಿದ್ರೂ, ರೇಸಿಗೆ ಹತ್ಸಲಿಲ್ಲ ಅಂದ್ರೆ ಹೇಳ್ಕೊಳ್ಳೋ ಅಂಥ ದುಡ್ಡಿಲ್ಲ.

ಆ ಬಣ್ಣಬಣ್ಣದ ಅಂಗಿ ಅವನ ಟೀಮಿಂದಾ? ಕುದುರೆನೂ ಅವನದ್ದೇನಾ?

ಎರಡೂ ಅವನದ್ದಲ್ಲ. ಕುದುರೆ ಓನರ್‌ದು, ಅಂಗಿ ಬಣ್ಣನೂ ಓನರ್ ಹೆಸ್ರಲ್ಲಿ ರಿಜಿಸ್ಟರ್ ಆಗಿರೋದು. ಅದಕ್ಕೇ ಒಬ್ಬನೇ ಜಾಕಿ ಒಂದೇ ಮಧ್ಯಾಹ್ನ ಹಳದಿ, ಹಸಿರು, ಚುಕ್ಕಿ ಅಂತ ಐದು ಅಂಗಿ ಬದಲಾಯಿಸ್ತಾನೆ. ಕುದುರೆ ಸಾಕಿ ತಯಾರು ಮಾಡೋನು ಟ್ರೇನರ್, ಮೈ ಉಜ್ಜಿ ನೀರು ಕುಡ್ಸೋನು ಸೈಸ್. ಜಾಕಿ ಸ್ವಂತದ್ದು ಅಂದ್ರೆ ಬೂಟು, ಹೆಲ್ಮೆಟ್ಟು, ಸ್ಯಾಡಲ್ಲು, ಚಾಟಿ, ಆಮೇಲೆ ಅವನ ಮೈ.

ನಮ್ಮ ಕಡೆ ಯಾಕೆ ರೇಸ್‌ಕೋರ್ಸಿಲ್ಲ? ಎಲ್ಲಿಗೆ ಹೋಗ್ಬೇಕು?

ಕರ್ನಾಟಕದಲ್ಲಿ ಇರೋವು ಎರಡೇ, ಬೆಂಗಳೂರು ಮತ್ತೆ ಮೈಸೂರು. ಮೈಸೂರಿಂದು ಚಾಮುಂಡಿ ಬೆಟ್ಟದ ಬುಡದಲ್ಲಿ, ದಸರಾ ಟೈಮಲ್ಲಿ ರಂಗೇರುತ್ತೆ. ಬೆಂಗಳೂರಲ್ಲಿ ಬೇಸಿಗೆ ಸೀಸನ್ನು, ಚಳಿಗಾಲದ ಸೀಸನ್ನು ಅಂತ ಎರಡು. ದಾವಣಗೆರೆಯಿಂದ ಬೆಂಗಳೂರಿಗೆ ಹೆಚ್ಚುಕಮ್ಮಿ 260 ಕಿಲೋಮೀಟರ್, ದುರ್ಗದೋರಿಗೆ 200. ಕುದುರೆ ಹುಟ್ಟೋ ಜಾಗನೂ ದೂರ ಏನಿಲ್ಲ, ತುಮಕೂರು ಜಿಲ್ಲೆ ಕುಣಿಗಲ್ಲಲ್ಲಿ ಟಿಪ್ಪು ಕಾಲದಿಂದ ಬಂದಿರೋ ಸ್ಟಡ್ ಫಾರ್ಮ್ ಇದೆ. ಬೆಳಗಾವಿ, ವಿಜಯಪುರದ ಕಡೆ ಜಾತ್ರೇಲಿ ಕುದುರೆ ಗಾಡಿ ಶರ್ಯತ್ತು ಇರ್ತಾವಲ್ಲ, ಅದೇ ಬೇರೆ ಲೋಕ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

## ದುಡ್ಡಿನ ಲೆಕ್ಕ

ಒಂದು ಓಟ ಗೆದ್ರೆ ಕೈಗೆ ಎಷ್ಟು ಬರುತ್ತೆ, ಸುಳ್ಳು ಹೇಳ್ದೆ ಹೇಳ್ರಿ

ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಒಂದು ಸಾಧಾರಣ ಓಟಕ್ಕೆ ಒಟ್ಟು ಬಹುಮಾನ 5 ಲಕ್ಷ. ಅದು ಪೂರ್ತಿ ಗೆದ್ದ ಕುದುರೆಗೆ ಹೋಗಲ್ಲ, ಎರಡು, ಮೂರು, ನಾಲ್ಕನೇ ಜಾಗಕ್ಕೂ ಹಂಚಬೇಕು. ಗೆದ್ದ ಕುದುರೆಗೆ ಅರ್ಧ ಅಂದ್ರೆ ಎರಡೂವರೆ ಲಕ್ಷ. ಜಾಕಿ ಪಾಲು ಏಳೂವರೆ ಪರ್ಸೆಂಟ್ ಅಂತ ಹಿಡಿದ್ರೆ 18,750 ರೂಪಾಯಿ, ಜೊತೆಗೆ ಆ ರೈಡಿಂಗ್ ಫೀ. ಟಿವೀಲಿ "5 ಲಕ್ಷದ ಓಟ ಗೆದ್ದ" ಅಂದಾಗ ನಮ್ಮ ತಲೇಲಿ ಬರೋ ಚಿತ್ರಕ್ಕೂ ಈ ಹದಿನೆಂಟು ಸಾವಿರಕ್ಕೂ ಬಾಳ ಅಂತರ ಐತೆ.

ಪರ್ಸೆಂಟೇಜು ದೇಶದಿಂದ ದೇಶಕ್ಕೆ ಬೇರೆ. ಜಪಾನಲ್ಲಿ ಓನರ್‌ಗೆ 80, ಟ್ರೇನರ್‌ಗೆ 10, ಜಾಕಿಗೆ 5, ಸೈಸಿಗೂ 5, ಸೈಸಿಗೆ ಜಾಕಿ ಸಮ ಪಾಲು ಅಂತ ಕೇಳಿದಾಗ ನಮ್ಮ ಲಾಯದ ಹುಡುಗ್ರು ನಂಬ್ಲೇ ಇಲ್ಲ. ಆಸ್ಟ್ರೇಲಿಯಾದಲ್ಲೂ ಜಾಕಿಗೆ 5. ಅಮೆರಿಕದಲ್ಲಿ ಗೆದ್ದ ಪಾಲಿಂದ 10 ಸಿಗುತ್ತೆ, ಆದ್ರೆ ಅಲ್ಲಿ ಜಾಕಿಗೆ ಕುದುರೆ ಹುಡುಕಿ ಕೊಡೋ ಏಜೆಂಟ್ ಅದ್ರಲ್ಲಿ ಕಾಲು ಭಾಗ ತಗೊಂಡ್ಹೋಗ್ತಾನೆ.

ಆ ಬಹುಮಾನದ ದುಡ್ಡು ಎಲ್ಲಿಂದ ಬರುತ್ತೆ, ಸರ್ಕಾರನಾ ಕೊಡೋದು?

ಸರ್ಕಾರ ಕೊಡೋದಿಲ್ಲ ಬಿಡ್ರಿ, ತಗೊಳ್ಳೋದು. ಜನ ಟೋಟಲ್ಲಿ, ಅಂದ್ರೆ ರೇಸ್ ಕ್ಲಬ್ಬೇ ನಡೆಸೋ ಬೆಟ್ಟಿಂಗ್ ಕೌಂಟರಲ್ಲಿ, ಕಟ್ಟೋ ದುಡ್ಡಲ್ಲಿ ಕ್ಲಬ್ ಕಮಿಷನ್ ಹಿಡ್ಕೊಳ್ಳುತ್ತೆ, ಬುಕ್ಕಿಗಳು ಸ್ಟಾಲ್ ಇಡೋಕೆ ಫೀ ಕಟ್ತಾರೆ, ಓನರ್‌ಗಳು ಕುದುರೆ ಎಂಟ್ರಿಗೆ ದುಡ್ಡು ಕಟ್ತಾರೆ, ದೊಡ್ಡ ಕಪ್ಪಿಗೆ ಪ್ರಾಯೋಜಕರು ಬರ್ತಾರೆ. ಇದೆಲ್ಲಾ ಸೇರಿ ಬಹುಮಾನ. ಅಂದ್ರೆ ಕೌಂಟರಲ್ಲಿ ನೂರು ರೂಪಾಯಿ ಕಟ್ಟೋನು ಬರ್ಲಿಲ್ಲ ಅಂದ್ರೆ ಅದು ಸುತ್ತಿ ಬಳಸಿ ಜಾಕಿ ತಟ್ಟೆಗೇ ಬರುತ್ತೆ.

ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಜಿಎಸ್‌ಟಿ ಕ್ಲಬ್ಬಿನ ಕಮಿಷನ್ ಮೇಲೆ ಮಾತ್ರ ಅಂತ ಹೇಳ್ತು, ಆಮೇಲೆ ಕಾನೂನೇ ಬದಲಾಗಿ 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ದುಡ್ಡಿನ ಮೇಲೆ 28 ಪರ್ಸೆಂಟ್ ಆಯ್ತು, 2025ರ ಸೆಪ್ಟೆಂಬರ್ 22ರಿಂದ 40. ಗೆಲ್ತೀನೋ ಸೋಲ್ತೀನೋ ಗೊತ್ತಾಗೋಕೂ ಮುಂಚೆನೇ ಅಷ್ಟು ಟ್ಯಾಕ್ಸ್ ಅಂದ್ರೆ ಯಾರು ಕೌಂಟರಿಗೆ ಬರ್ತಾರೆ, ಫೋನಲ್ಲಿ ಕಳ್ಳ ಬುಕ್ಕಿ ಹತ್ರ ಹೋಗ್ತಾರೆ, ಆ ದುಡ್ಡಲ್ಲಿ ಬಹುಮಾನಕ್ಕೆ ಒಂದು ಪೈಸೆನೂ ಬರಲ್ಲ. ಜೂಜಿಗೆ ಟ್ಯಾಕ್ಸ್ ಬೇಡ ಅಂತ ನಾನು ಹೇಳ್ತಿಲ್ಲ, ಪೆಟ್ಟು ಎಲ್ಲಿ ಬೀಳುತ್ತೆ ಅಂತ ಹೇಳ್ತಿದ್ದೀನಿ ಅಷ್ಟೇ.

ಸೋತ್ರೂ ಫೀ ಇದ್ದೇ ಇರುತ್ತಲ್ಲ, ಮತ್ತೆ ಎಲ್ಲಾ ಜಾಕಿಗಳೂ ಸಾಹುಕಾರ್ರು ಯಾಕಲ್ಲ?

ಮೌಂಟು ಸಮವಾಗಿ ಹಂಚಿಕೆ ಆಗಲ್ಲ ಅದಕ್ಕೆ. ಲೆಕ್ಕದ ಪುಸ್ತಕದಲ್ಲಿ ನಾನು ಕಂಡಿದ್ದು ಇದೊಂದೇ ಸತ್ಯ. ಓಟಕ್ಕೆ ಹೆಸ್ರು ಕೊಡೋ ದಿನ ನಮ್ಮ ಆಫೀಸಲ್ಲಿ ಬೆಳಿಗ್ಗೆ ಎಂಟು ಗಂಟೆಗೇ ಫೋನು ಶುರು. ಟ್ರೇನರ್ ಕೈಲಿ ಕೆಂಪು ಪೆನ್ನು, ಮುಂದೆ ಓಡೋ ಕುದುರೆಗಳ ಪಟ್ಟಿ. ಒಳ್ಳೆ ಕುದುರೆ ಎದುರಿಗೆ ಮೊದ್ಲು ದೊಡ್ಡ ಜಾಕಿ ಹೆಸ್ರು, ಅವನು ಬೇರೆ ಕುದುರೆ ಒಪ್ಕೊಂಡಿದ್ದಾನೆ ಅಂದ್ರೆ ಎರಡನೇಯವನು, ಹಿಂಗೇ ಇಳೀತಾ ಇಳೀತಾ ಕೊನೆಗೆ ಗೆಲ್ಲೋ ಆಸೆನೇ ಇಲ್ಲದ ಎರಡು ಕುದುರೆ ಉಳೀತಾವೆ. ಬಾಗಿಲ ಹತ್ರ ಎರಡು ಮೂರು ಹುಡುಗ್ರು ಸುಮ್ನೆ ನಿಂತಿರ್ತಾರೆ, ಕೇಳಲ್ಲ, ಬರೀ ಕಣ್ಣಿಗೆ ಬೀಳ್ತಿರ್ತಾರೆ. ಆ ಎರಡು ಕುದುರೆ ಅವ್ರಿಗೆ.

ಗೆದ್ದೋನಿಗೆ ಒಳ್ಳೆ ಕುದುರೆ ಸಿಗುತ್ತೆ, ಒಳ್ಳೆ ಕುದುರೆ ಸಿಕ್ಕೋನು ಮತ್ತೆ ಗೆಲ್ತಾನೆ. ಕೆಳಗಿದ್ದೋನು ಎಷ್ಟೇ ಚೆನ್ನಾಗಿ ಓಡ್ಸಿದ್ರೂ ಹತ್ತನೇ ಜಾಗಕ್ಕೆ ಬರೋ ಕುದುರೆನ ಏಳನೇ ಜಾಗಕ್ಕೆ ತಂದಿರ್ತಾನೆ, ಅದನ್ನ ಯಾರೂ ಚಪ್ಪಾಳೆ ತಟ್ಟಿ ನೋಡಲ್ಲ. ಹೆಸ್ರು ಕೇಳಿದ ಜಾಕಿಗಳು, ಪೆಸಿ ಶ್ರಾಫ್, ಸೂರಜ್ ನರೇಡು ಅಂಥೋರನ್ನ ನೋಡಿ ಇಡೀ ಕಸುಬನ್ನ ಅಳೀಬೇಡಿ.

ರಿಟೇನರ್ ಅಂದ್ರೇನು?

ದೊಡ್ಡ ಓನರ್ ಅಥವಾ ದೊಡ್ಡ ಲಾಯ ಒಬ್ಬ ಜಾಕಿಗೆ "ನಿನ್ನ ಮೇಲೆ ಮೊದ್ಲ ಹಕ್ಕು ನಮ್ಮ ಕುದುರೆಗೇ" ಅಂತ ವರ್ಷಕ್ಕಿಷ್ಟು ಮಾತಾಡ್ಕೊಳ್ಳೋದು. ಫೀ, ಪರ್ಸೆಂಟೇಜು ಅದ್ರ ಮೇಲೆ. ಕೇಳೋಕೆ ಚೆಂದ, ಆದ್ರೆ ಆ ಓನರ್‌ದು ಕುಂಟು ಕುದುರೆ ಓಡೋ ದಿನ ಪಕ್ಕದ ಲಾಯದ ಫೇವರಿಟ್ ಬಿಟ್ಟು ಇದನ್ನೇ ಹತ್ಬೇಕು, ಹಲ್ಲು ಕಚ್ಕೊಂಡು.

ಗೆದ್ದಾಗ ಓನರ್ ಉಡುಗೊರೆ ಕೊಡ್ತಾನಂತೆ ಹೌದಾ?

ಕೊಡೋರು ಕೊಡ್ತಾರೆ, ಬಾಯಲ್ಲಿ ಕೊಡೋರೇ ಜಾಸ್ತಿ. ಪರ್ಸೆಂಟೇಜು, ಫೀ ಕ್ಲಬ್ ಲೆಕ್ಕದಲ್ಲೇ ಕಟ್ ಆಗಿ ಬರೋದ್ರಿಂದ ಅದು ಗಟ್ಟಿ. ಇನಾಮು ಹಂಗಲ್ಲ. ಒಬ್ಬ ಓನರ್ ಕಪ್ ಎತ್ಕೊಂಡು ಫೋಟೋ ತೆಗ್ಸುವಾಗ ಜಾಕಿಗೆ "ನಿಂಗೊಂದು ಬೈಕ್ ಕಣೋ" ಅಂದಿದ್ದ. ಬೈಕ್ ಎಲ್ಲಿ ಸಾರ್ ಅಂತ ಆ ಹುಡುಗ ನನ್ನನ್ನ ಆರು ತಿಂಗಳು ಕೇಳ್ದ, ನಾನೇ ಕೊಡ್ಬೇಕೇನೋ ಅನ್ನೋ ಥರ.

ಖರ್ಚೇನಿರುತ್ತೆ ಜಾಕಿಗೆ, ತೂಕ ಏರುತ್ತೆ ಅಂತ ಊಟನೂ ಸರಿಯಾಗಿ ಮಾಡಲ್ವಂತೆ!

ಓಡಾಟ. ಬೆಂಗಳೂರಲ್ಲಿ ಸೀಸನ್ ಮುಗೀತು ಅಂದ್ರೆ ಮೈಸೂರು, ಮಳೆಗಾಲದಲ್ಲಿ ಪುಣೆ, ಹೈದರಾಬಾದು, ಚಳಿಗಾಲಕ್ಕೆ ಮುಂಬೈ. 2024ರ ತನಕ ಬೇಸಿಗೇಲಿ ಊಟಿನೂ ಇತ್ತು. ದೊಡ್ಡೋನಿಗೆ ಕರೆಸಿಕೊಂಡೋರೇ ವಿಮಾನ ಟಿಕೆಟ್ ಕೊಡ್ತಾರೆ, ಚಿಕ್ಕೋನು ಎರಡು ಮೌಂಟ್ ನಂಬ್ಕೊಂಡು ರಾತ್ರಿ ಬಸ್ ಹತ್ತಿ ಹೋಗ್ತಾನೆ, ಹೋದ್ಮೇಲೆ ಒಂದು ಕುದುರೆ ಕಾಲು ನೋವು ಅಂತ ವಾಪಸ್ ತಗೊಂಡಿರ್ತಾರೆ. ಸ್ಯಾಡಲ್ಲು, ಬೂಟು, ಫಿಸಿಯೋಥೆರಪಿ, ರೂಮ್ ಬಾಡಿಗೆ ಎಲ್ಲಾ ಕೈಯಿಂದ.

## ತೂಕ, ಪೆಟ್ಟು

ತೂಕಕ್ಕೂ ದುಡ್ಡಿಗೂ ಏನು ಸಂಬಂಧ?

ಹ್ಯಾಂಡಿಕ್ಯಾಪ್ ಓಟ ಅಂತಾರೆ, ಗಟ್ಟಿ ಕುದುರೆಗೆ ಜಾಸ್ತಿ ಭಾರ, ಸಾಧಾರಣ ಕುದುರೆಗೆ ಕಮ್ಮಿ ಭಾರ, ಎಲ್ಲಾ ಸಮಾಸಮ ಬರ್ಲಿ ಅಂತ. ಹೆಚ್ಚುಕಮ್ಮಿ 50 ಕೆಜಿಯಿಂದ 60 ಕೆಜಿವರೆಗೆ. ಜಾಕಿ ಸ್ಯಾಡಲ್ ಕೈಲಿ ಹಿಡ್ಕೊಂಡು ತಕ್ಕಡಿ ಮೇಲೆ ಕೂರ್ತಾನೆ, ಕಮ್ಮಿ ಬಿದ್ರೆ ಸ್ಯಾಡಲ್ ಕೆಳಗಿನ ಬಟ್ಟೆ ಜೇಬಿಗೆ ಸೀಸದ ತುಂಡು ಸೇರಿಸ್ತಾರೆ. ಜಾಸ್ತಿ ಇದ್ರೆ ತೆಗೆಯೋಕೆ ಏನೈತೆ, ಮೈ ಕೊಯ್ಯೋಕಾಗುತ್ತಾ? ಓಟ ಮುಗಿದ್ಮೇಲೆ ಮತ್ತೆ ತಕ್ಕಡಿ.

ಈಗ ಲೆಕ್ಕ ನೋಡಿ. 57 ಕೆಜಿ ಇರೋ ಜಾಕಿ 51, 52 ಕೆಜಿಯ ಕುದುರೆ ಹತ್ತಂಗಿಲ್ಲ. ಪಟ್ಟೀಲಿ ಅರ್ಧ ಕುದುರೆ ಅವನ ಪಾಲಿಗೆ ಇಲ್ಲ ಅಂತ ಅರ್ಥ. ಎರಡು ಕೆಜಿ ಇಳಿಸಿದ್ರೆ ಅದ್ರಲ್ಲಿ ಕೆಲವು ಕುದುರೆ ವಾಪಸ್. ಅದಕ್ಕೇ ಬಿಸಿ ಹಬೆ ರೂಮಲ್ಲಿ ಕೂರೋದು, ಪ್ಲಾಸ್ಟಿಕ್ ಅಂಗಿ ಹಾಕ್ಕೊಂಡು ಬಿಸಿಲಲ್ಲಿ ಓಡೋದು, ಓಟದ ದಿನ ನೀರು ಬಾಯಿ ಒದ್ದೆ ಮಾಡೋಕೆ ಮಾತ್ರ.

ಒಬ್ಬ ಜಾಕಿ ಗೆಳೆಯ ಸೀಸನ್ ನಡುವೆ ಒಂದ್ಸಲ ನಮ್ಮನೆಗೆ ಬಂದಿದ್ದ. ದಾವಣಗೆರೆಗೆ ಬಂದು ಬೆಣ್ಣೆ ದೋಸೆ ತಿನ್ಸದೆ ಕಳ್ಸೋಕಾಗುತ್ತಾ, ಕರ್ಕೊಂಡ್ಹೋದೆ. ಮೇಲಿನ ಬೆಣ್ಣೆ ಉಂಡೆನ ಚಮಚದಲ್ಲಿ ಎತ್ತಿ ನನ್ನ ತಟ್ಟೆಗೆ ಹಾಕ್ದ. ಪೇಪರ್ ತಗೊಂಡು ದೋಸೆ ಮೇಲೆ ಒತ್ತಿ ಒತ್ತಿ ಎಣ್ಣೆ ತೆಗ್ದ. ಅಂಚಿನ ಗರಿಗರಿ ಭಾಗ ನಾಲ್ಕು ಬೆರಳಗಲ ಮುರ್ಕೊಂಡು, ಚಟ್ನಿ ಮುಟ್ದೆ, ಒಂದೊಂದು ಚೂರನ್ನೂ ಎಷ್ಟೊತ್ತು ಅಗಿದ ಅಂದ್ರೆ ಸಪ್ಲೈಯರ್ ಬಂದು "ಚೆನ್ನಾಗಿಲ್ವಾ ಅಣ್ಣಾ" ಅಂತ ಕೇಳ್ದ. "ಬಾಳ ಚೆನ್ನಾಗೈತೆ" ಅಂದು ಕೈ ತೊಳ್ಯೋಕೆ ಎದ್ದ.

ಬಿದ್ದು ಮೂಳೆ ಮುರಿದ್ರೆ ಯಾರು ನೋಡ್ಕೋತಾರೆ?

ಪ್ರತಿ ಓಟದಲ್ಲೂ ಕುದುರೆಗಳ ಹಿಂದೇನೇ ಆಂಬುಲೆನ್ಸ್ ಓಡುತ್ತೆ, ಬೇರೆ ಯಾವ ಕಸುಬಲ್ಲಿ ಐತೆ ಹೇಳ್ರಿ. ಆಸ್ಪತ್ರೆ ಖರ್ಚಿಗೆ ಇನ್ಶೂರೆನ್ಸು, ಸಹಾಯ ನಿಧಿ ಒಂದಷ್ಟು ಆಗುತ್ತೆ. ಆಗದೇ ಇರೋದು ಗಳಿಕೆ. ಭುಜದ ಕಾಲರ್ ಬೋನ್ ಮುರಿಯೋದು ಇವ್ರಿಗೆ ನೆಗಡಿ ಬಂದಂಗೆ, ಆದ್ರೆ ಆ ಆರೆಂಟು ವಾರ ಮೌಂಟಿಲ್ಲ, ಅವನು ಹತ್ತುತ್ತಿದ್ದ ಕುದುರೆ ಬೇರೆಯೋನು ಹತ್ತಿ ಗೆದ್ರೆ ವಾಪಸ್ ಸಿಗೋ ಗ್ಯಾರಂಟಿನೂ ಇಲ್ಲ. ಅದಕ್ಕೇ ಪೂರ್ತಿ ವಾಸಿ ಆಗೋಕೆ ಮುಂಚೆನೇ ಬಂದು "ನಂಗೇನಿಲ್ಲ ಸಾರ್" ಅಂತ ನಿಲ್ಲೋದು.

ಪೆಟ್ಟಾಗದೆನೂ ಗಳಿಕೆ ನಿಲ್ಲುತ್ತೆ. 2020ರಲ್ಲಿ ಕೊರೋನಾ ಬಂದು ಓಟ ನಿಂತ್ವು. 2024ರಲ್ಲಿ ಬೆಂಗಳೂರಿನ ಲೈಸೆನ್ಸ್ ವಿಷಯ ಸರ್ಕಾರ, ಹೈಕೋರ್ಟು ಅಂತ ಎಳೆದಾಡಿ ತಿಂಗಳುಗಟ್ಲೆ ಓಟ ಇರ್ಲಿಲ್ಲ. ಓನರ್ ಕುದುರೆಗೆ ಹುಲ್ಲು ಹಾಕ್ಲೇಬೇಕಿತ್ತು. ಜಾಕಿಗೆ ಹಾಕೋರು ಯಾರಿರ್ಲಿಲ್ಲ.

## ಸ್ವಲ್ಪ ಒಳಗಿನ ವಿಷ್ಯ

ಬೇಕಂತಲೇ ಸೋಲ್ತಾರಂತೆ, ಫಿಕ್ಸ್ ಅಂತೆ, ನಿಜಾನಾ?

ಎಲ್ಲಾರೂ ದನಿ ತಗ್ಗಿಸಿ ಕೇಳೋ ಪ್ರಶ್ನೆ. ನಿಯಮ ಪ್ರಕಾರ ಪ್ರತಿ ಕುದುರೆನೂ ಅದ್ರ ಶಕ್ತಿಗೆ ತಕ್ಕಂಗೆ ಓಡಿಸ್ಬೇಕು, ತಡೆ ಹಿಡಿದ ಅಂತ ಸ್ಟೀವರ್ಡ್‌ಗಳಿಗೆ, ಅಂದ್ರೆ ಓಟದ ಮೇಲೆ ಕಣ್ಣಿಡೋ ಕ್ಲಬ್ ಅಧಿಕಾರಿಗಳಿಗೆ, ಅನುಮಾನ ಬಂದ್ರೆ ಬೇರೆ ಬೇರೆ ಕ್ಯಾಮೆರಾ ವೀಡಿಯೋ ಹಾಕಿ ಕರೆಸಿ ಕೇಳ್ತಾರೆ. ಸಾಬೀತಾದ್ರೆ ಸಸ್ಪೆಂಡು, ಒಂದು ಕ್ಲಬ್ ಸಸ್ಪೆಂಡ್ ಮಾಡಿದ್ರೆ ಬೇರೆ ಊರಿನ ಕ್ಲಬ್ಬಲ್ಲೂ ಹತ್ತಂಗಿಲ್ಲ. ಅಡ್ಡ ಬಂದು ಬೇರೆ ಕುದುರೆ ದಾರಿ ಕಟ್ಟಿದ್ರೂ, ಅದು ಬೇಕಂತ ಮಾಡಿಲ್ದಿದ್ರೂ, ಕೆಲವು ದಿನ ಮನೇಲಿ ಕೂರೋದೇ. ಸಂಬಳ ಇಲ್ಲದೋನಿಗೆ ಸಸ್ಪೆಂಡ್ ಅಂದ್ರೆ ಏನು ಅಂತ ಸರ್ಕಾರಿ ನೌಕರಿಯೋರಿಗೆ ಅರ್ಥ ಆಗಲ್ಲ, ಅರ್ಧ ಸಂಬಳನೂ ಇಲ್ಲ.

ಕಳ್ಳಾಟ ಇಲ್ಲವೇ ಇಲ್ಲ ಅಂತ ಆಣೆ ಮಾಡಲ್ಲ, ದುಡ್ಡಿರೋ ಕಡೆ ನೊಣ ಇರುತ್ತೆ. ಆದ್ರೆ ತಾನು ಕಟ್ಟಿದ ಕುದುರೆ ಸೋತಾಗೆಲ್ಲಾ ಫಿಕ್ಸು ಅನ್ನೋದು ಮಾತ್ರ ಸೋತೋನ ಸಮಾಧಾನ.

ಜಾಕಿಗೇ ಎಲ್ಲಾ ಗೊತ್ತಿರುತ್ತಲ್ಲ, ತಾನೇ ಬೆಟ್ ಕಟ್ಟಿ ದುಡ್ಡು ಮಾಡ್ಬೋದಲ್ಲ?

ಕಟ್ಟಂಗಿಲ್ಲ, ಸಿಕ್ಕಿಬಿದ್ರೆ ಲೈಸೆನ್ಸ್ ಹೋಗುತ್ತೆ. ಇನ್ನೊಂದು, ಅವನಿಗೆ ತನ್ನ ಕುದುರೆ ಗೊತ್ತಿರುತ್ತೆ, ಉಳಿದ ಹನ್ನೊಂದು ಕುದುರೆ ಗೊತ್ತಿರಲ್ಲ.

ಜೂಜಿನ ದುಡ್ಡಲ್ವಾ ಅದು, ಟ್ಯಾಕ್ಸ್ ಹೆಂಗೆ?

ನೀವು ಬೆಟ್ ಕಟ್ಟಿ ಗೆದ್ರೆ ಆದಾಯ ತೆರಿಗೆ ನೇರ 30 ಪರ್ಸೆಂಟ್. ಜಾಕಿಗೆ ಬರೋದು ಬೆಟ್ ಗೆದ್ದ ದುಡ್ಡಲ್ಲ, ಕಸುಬಿನ ಆದಾಯ, ವಕೀಲ್ರು ಡಾಕ್ಟ್ರಿಗೆ ಇದ್ದಂಗೆ, ಖರ್ಚು ಕಳೆದು ಲೆಕ್ಕ. ಇನ್ನು ಜೂಜು ಅನ್ನೋದಕ್ಕೆ, 1996ರಲ್ಲಿ ತಮಿಳುನಾಡಿನ ಕೇಸಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಕೌಶಲದ ಆಟ ಅಂತ ತೀರ್ಪು ಕೊಟ್ಟೈತೆ. ನಮ್ಮಮ್ಮ ಮಾತ್ರ ಆ ತೀರ್ಪನ್ನ ಒಪ್ಪಿಲ್ಲ. ಟ್ಯಾಕ್ಸ್ ಮುಚ್ಚಿಟ್ರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ಜಾಕಿ ಲೆಸ್ಟರ್ ಪಿಗಟ್ ಸಾಕು. ಒಂಬತ್ತು ಸಲ ಅಲ್ಲಿನ ಡರ್ಬಿ ಅನ್ನೋ ದೊಡ್ಡ ಓಟ ಗೆದ್ದೋನು, 1987ರಲ್ಲಿ ತೆರಿಗೆ ಕೇಸಲ್ಲಿ ಜೈಲಿಗೆ ಹೋದ, ಹೊರಗೆ ಬಂದ್ಮೇಲೆ ಐವತ್ತು ದಾಟಿದ್ರೂ ಮತ್ತೆ ಕುದುರೆ ಹತ್ತಿ ಗೆದ್ದ.

ನನ್ನ ಮಗ ಸಣ್ಣಗಿದ್ದಾನೆ, ಓದು ಹತ್ತಲ್ಲ, ಜಾಕಿ ಮಾಡ್ಸಬಹುದಾ?

ಚಳ್ಳಕೆರೆ ಕಡೆಯ ಒಬ್ರು ಈ ಪ್ರಶ್ನೆ ಕಾಗದದಲ್ಲಿ ಬರೆದು, ಮಗನ ಫೋಟೋನೂ ಇಟ್ಟಿದ್ರು. ನೆಟ್ಟಗೆ ಹೇಳ್ತೀನಿ. ಸಣ್ಣಗಿರೋದು ಸಾಲಲ್ಲ, ಅಪ್ಪನ ಎತ್ತರ ನೋಡಿ, ಹದಿನಾರಕ್ಕೆ ಸಣ್ಣಗಿದ್ದೋನು ಇಪ್ಪತ್ತಕ್ಕೆ ಅಪ್ಪನಂಗೆ ಆಗ್ತಾನೆ. ಪ್ರಾಣಿ ಹತ್ರ ಹೆದರಿಕೆ ಇರ್ಬಾರ್ದು. ಕ್ಲಬ್‌ಗಳು ಅಪ್ರೆಂಟಿಸ್ ಹುಡುಗ್ರಿಗೆ ತರಬೇತಿ ಕೊಡ್ತಾವೆ, ವಯಸ್ಸು, ತೂಕ, ಓದಿನ ನಿಯಮ ಕ್ಲಬ್ ಆಫೀಸಿಗೇ ಹೋಗಿ ಕೇಳಿ, ನಡುವೆ "ನಾನು ಸೇರಿಸ್ತೀನಿ" ಅಂತ ದುಡ್ಡು ಕೇಳೋನ ಕೈಗೆ ಒಂದು ರೂಪಾಯಿ ಕೊಡ್ಬೇಡಿ. ಹತ್ತನೇ ಕ್ಲಾಸು ಮುಗಿಸಿ ಬರ್ಲಿ.

ಸೇರಿದ ಮೇಲೆ ವರ್ಷಗಟ್ಲೆ ಲಾಯ ಗುಡಿಸೋದು, ಬೆಳಗಿನ ಟ್ರ್ಯಾಕ್ ಕೆಲಸ. ಲೈಸೆನ್ಸ್ ಸಿಕ್ರೆ ಅಪ್ರೆಂಟಿಸ್‌ಗೆ ಒಂದು ರಿಯಾಯಿತಿ ಇರುತ್ತೆ, ಕುದುರೆಗೆ ಹೇಳಿದ ಭಾರಕ್ಕಿಂತ ಕೆಲವು ಕೆಜಿ ಕಮ್ಮಿ ಹೊರ್ಸಬಹುದು. ಅದು ಕುದುರೆಗೆ ಲಾಭ, ಅದಕ್ಕೇ ಟ್ರೇನರ್‌ಗಳು ಹುಡುಗ್ರನ್ನ ಕರೆದು ಹತ್ತಿಸ್ತಾರೆ, ಹುಡುಗ ಗೆಲ್ತಾ ಹೋಗ್ತಾನೆ, ಊರಲ್ಲಿ ಎಲ್ಲಾ ಹೊಗಳ್ತಾರೆ. ಗೆದ್ದ ಓಟ ಇಷ್ಟಾಯ್ತು ಅಂದ್ರೆ ರಿಯಾಯಿತಿ ಕಮ್ಮಿ ಆಗ್ತಾ ಆಗ್ತಾ ಪೂರ್ತಿ ಹೋಗುತ್ತೆ. ಈಗ ಅವನು ಪೂರ್ಣ ಜಾಕಿ, ದೊಡ್ಡೋರ ಜೊತೆ ಸಮಾಸಮ. ಅದೇ ತಿಂಗಳು ಫೋನು ನಿಲ್ಲುತ್ತೆ. ಅದೇ ಭಾರಕ್ಕೆ ಹತ್ತು ವರ್ಷ ಅನುಭವದೋನು ಸಿಗುವಾಗ ಇವನ್ಯಾಕೆ, ಇನ್ನೊಬ್ಬ ಹೊಸ ಅಪ್ರೆಂಟಿಸ್ ರಿಯಾಯಿತಿ ಜೊತೆ ಸಿಗುವಾಗ ಇವನ್ಯಾಕೆ? ನನ್ನ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸ್ರು ಒಂದು ಸೀಸನ್ ಪುಟಕ್ಕೆ ಮೂರು ನಾಲ್ಕು ಸಲ ಬರ್ತಿತ್ತು, ಮುಂದಿನ ಸೀಸನ್ ಇಡೀ ಪುಸ್ತಕಕ್ಕೆ ಎರಡು ಸಲ. ಚಳ್ಳಕೆರೆಯೋರಿಗೆ ಇದನ್ನೇ ಬರೆದು ಫೋಟೋ ವಾಪಸ್ ಕಳ್ಸಿದೆ.

ಹೆಣ್ಮಕ್ಕಳು ಆಗ್ಬೋದಾ?

ಆಗ್ಬೋದು, ಆಗಿದ್ದಾರೆ, ನಮ್ಮಲ್ಲೇ ಚೆನ್ನೈನ ರೂಪಾ ಸಿಂಗ್ ಇದ್ದಾರೆ. ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ಅನ್ನೋ ದೊಡ್ಡ ಓಟನ 2021ರಲ್ಲಿ ರೇಚಲ್ ಬ್ಲ್ಯಾಕ್‌ಮೋರ್ ಗೆದ್ರು. ಓಟ ಒಂದೇ, ಗಂಡಸ್ರು ಹೆಂಗಸ್ರು ಬೇರೆ ಅಂತ ಇಲ್ಲ. ಕಷ್ಟ ಇರೋದು ಆ ಕೆಂಪು ಪೆನ್ನಿನ ಪಟ್ಟೀಲಿ ಹೆಸ್ರು ಬೀಳೋದ್ರಲ್ಲಿ.

ವಯಸ್ಸಾದ್ಮೇಲೆ ಏನ್ಮಾಡ್ತಾರೆ?

ಕೈ ಗಟ್ಟಿ ಇರೋ ತನಕ, ನಲವತ್ತು ನಲವತ್ತೈದಾದ್ರೂ ಓಡಿಸೋರಿದ್ದಾರೆ. ಆಮೇಲೆ ಕೆಲವ್ರು ಟ್ರೇನರ್ ಆಗ್ತಾರೆ, ಪೆಸಿ ಶ್ರಾಫ್ ಆದಂಗೆ, ಆದ್ರೆ ಅದಕ್ಕೆ ಕುದುರೆ ಕೊಡೋ ಓನರ್‌ಗಳ ಪರಿಚಯ ಬೇಕು. ಉಳಿದೋರು ಬೆಳಗಿನ ಟ್ರ್ಯಾಕ್ ರೈಡರ್, ಸ್ಟಡ್ ಫಾರ್ಮಲ್ಲಿ ಮರಿ ಪಳಗಿಸೋ ಕೆಲಸ, ಮಕ್ಕಳಿಗೆ ಕುದುರೆ ಸವಾರಿ ಹೇಳ್ಕೊಡೋದು. ನಮ್ಮ ಲಾಯದಲ್ಲಿ ಒಬ್ರು ಹಳೇ ಜಾಕಿ ಸೈಸ್‌ಗಳ ಮೇಲ್ವಿಚಾರಣೆಗಿದ್ರು, ಐವತ್ತೈದು ದಾಟಿತ್ತು, ಆದ್ರೂ ದಿನಾ ಬೆಳಿಗ್ಗೆ ಮೇವಿನ ತಕ್ಕಡಿ ಮೇಲೆ ಒಂದ್ಸಲ ನಿಂತು ನೋಡಿ ಇಳೀತಿದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ.

ಅದಿರ್ಲಿ, ಈ ವಾರಕ್ಕೆ ಒಂದು ನಂಬರ್ ಹೇಳ್ರಿ

ಮೇವಿಗೆ ಹಾಕೋ ಕುದುರೆ ಮಸಾಲೆ ಸೊಪ್ಪು ಕಟ್ಟಿಗೆ ಎಷ್ಟಿತ್ತು, ಹೊಟ್ಟು ಚೀಲಕ್ಕೆ ಎಷ್ಟಿತ್ತು, ಆ ನಂಬರ್ ಬೇಕಾದ್ರೆ ಹೇಳ್ತೀನಿ.